ಸೂರ್ಯನ ಗಾಳಿ ಅಳೆದ ಅದಮಾರಿನ ಹುಡುಗ

ಈ ಸಲ ರಜೆಗೆ ವಿದೇಶದಿಂದ ಊರಿಗೆ ಹೋದಾಗ ಅಜ್ಜನ ಹತ್ತಿರ ಹಳೆಯ ಕಬ್ಬಿಣದ ಪೆಟ್ಟಿಗೆ ತೆಗೆಸಿ. ಊರು ಕಡೂರಾಗಲಿ, ತರೀಕೆರೆಯಾಗಲಿ, ಅಜ್ಜಂಪುರವಾಗಲಿ, ಜಮೀನಿನ ಪತ್ರ, ಹಳೇ ಲಗ್ನಪತ್ರಿಕೆಗಳ ನಡುವೆ ಎಲ್ಲಾದರೂ ಎರಡು ರೂಪಾಯಿಯ ನೋಟು ಸಿಕ್ಕೀತು. ಹಿಂಬದಿ ತಿರುಗಿಸಿ ನೋಡಿ. ಹುಲಿ ಇದ್ದರೆ ಅದಲ್ಲ, ಇನ್ನೊಂದು ಹುಡುಕಿ. ಪಟ್ಟಿಪಟ್ಟಿ ಮುಖಗಳ ದುಂಡನೆಯ ಯಂತ್ರವೊಂದು ಇದ್ದರೆ ಅದೇ ಆರ್ಯಭಟ, 1975ರ ಏಪ್ರಿಲ್ 19ರಂದು ಆಕಾಶಕ್ಕೇರಿದ ಭಾರತದ ಮೊದಲ ಉಪಗ್ರಹ. ಅದನ್ನು ಕಟ್ಟಿಸಿದವರು ಯು. ಆರ್. ರಾವ್.

ಉಡುಪಿ ರಾಮಚಂದ್ರ ರಾಯರೆಂದರೆ ಎಲ್ಲರೂ ಹೇಳುವುದು ಉಪಗ್ರಹದ ಕಥೆಯನ್ನೇ. ನನಗೆ ಮಾತ್ರ ಅವರ ಕಥೆಯನ್ನು ಸೂರ್ಯನಿಂದ ಶುರುಮಾಡಬೇಕು ಅನ್ನಿಸುತ್ತದೆ. ಉಪಗ್ರಹ ಬಂದದ್ದು ಆಮೇಲೆ.

ಸೂರ್ಯನ ಲೆಕ್ಕ ನಮ್ಮ ಸೀಮೆಯ ರೈತರಿಗೂ ಹೊಸದಲ್ಲ. ಭರಣಿ ಮಳೆ, ರೋಹಿಣಿ ಮಳೆ, ಆರಿದ್ರಾ ಮಳೆ ಎಂದು ಅಜ್ಜ ಹೇಳುವುದನ್ನು ಕೇಳಿರುತ್ತೀರಿ. ಸೂರ್ಯ ಯಾವ ನಕ್ಷತ್ರದಲ್ಲಿ ಇದ್ದಾನೋ ಆ ಹೆಸರು ಆಗಿನ ಮಳೆಗೆ. ಒಂದೊಂದು ಮಳೆಗೆ ಹದಿಮೂರೋ ಹದಿನಾಲ್ಕೋ ದಿನ. ಬಿತ್ತನೆಗೆ ಅಷ್ಟು ಸಾಕು. ಆದರೆ ಸೂರ್ಯ ಬೆಳಕು, ಬಿಸಿಲು ಬಿಟ್ಟು ಇನ್ನೂ ಏನೋ ಕಳಿಸುತ್ತಾನೆ ಎನ್ನುವುದು ನೆಲದ ಮೇಲೆ ನಿಂತು ನೋಡಿದರೆ ಗೊತ್ತಾಗುವುದಿಲ್ಲ.

ರಾಯರು ನಮ್ಮ ಕಡೆಯವರಲ್ಲ, ಘಟ್ಟದ ಕೆಳಗಿನವರು. 1932ರ ಮಾರ್ಚ್ 10ರಂದು ಉಡುಪಿ ಹತ್ತಿರದ ಅದಮಾರಿನಲ್ಲಿ ಹುಟ್ಟಿದರು. ಹೈಸ್ಕೂಲು ಉಡುಪಿಯಲ್ಲಿ, ಇಂಟರ್‌ಮೀಡಿಯೆಟ್ ಬಳ್ಳಾರಿಯಲ್ಲಿ, ಬಿ.ಎಸ್ಸಿ. ಅನಂತಪುರದಲ್ಲಿ, ಎಂ.ಎಸ್ಸಿ. ಕಾಶಿಯಲ್ಲಿ. ಆಮೇಲೆ ಅಹಮದಾಬಾದಿಗೆ ಹೋಗಿ ವಿಕ್ರಮ್ ಸಾರಾಭಾಯಿ ಅವರ ಕೈಕೆಳಗೆ ವಿಶ್ವಕಿರಣಗಳ ಮೇಲೆ ಪಿಎಚ್.ಡಿ. ಮಾಡಿದರು. 1961ರಲ್ಲಿ ಅಮೆರಿಕದ ಎಂಐಟಿ ಸೇರಿದರು. ನಿಮ್ಮ ಅಪ್ಪ ಅಮ್ಮಂದಿರಂತೆ ಅವರೂ ಸೂಟ್‌ಕೇಸ್ ಹಿಡಿದು ಸಮುದ್ರ ದಾಟಿದವರೇ.

ಆಗ ವಿಜ್ಞಾನಿಗಳ ನಡುವೆ ಒಂದು ಜಗಳ ನಡೆದಿತ್ತು. ಸೂರ್ಯನಿಂದ ವಿದ್ಯುತ್ ಆವೇಶದ ಕಣಗಳ ಗಾಳಿಯೊಂದು ಸದಾ ಬೀಸುತ್ತಿರಬೇಕು ಎಂದು ಯೂಜೀನ್ ಪಾರ್ಕರ್ 1958ರಲ್ಲಿ ಲೆಕ್ಕ ಹಾಕಿ ಹೇಳಿದ್ದರು. ಅನೇಕರು ನಂಬಲಿಲ್ಲ. 1962ರ ಆಗಸ್ಟ್‌ನಲ್ಲಿ ಶುಕ್ರಗ್ರಹದತ್ತ ಹೊರಟ ಮ್ಯಾರಿನರ್-2 ನೌಕೆ ದಾರಿಯುದ್ದಕ್ಕೂ ಅಳೆಯುತ್ತಾ ಹೋಯಿತು. ಅಳೆದಾಗಲೆಲ್ಲ ಗಾಳಿ ಇತ್ತು, ಒಂದು ದಿನವೂ ನಿಲ್ಲಲಿಲ್ಲ. ವೇಗ ಸರಾಸರಿ ಸೆಕೆಂಡಿಗೆ 500 ಕಿಲೋಮೀಟರಿನ ಆಸುಪಾಸು. ಸೂರ್ಯನಿಂದ ನಮ್ಮವರೆಗಿನ 15 ಕೋಟಿ ಕಿಲೋಮೀಟರಿಗೆ ಮೂರು ನಾಲ್ಕು ದಿನದ ಹಾದಿ.

ಆ ಅಳತೆಗಳ ಮುಂದೆ ಕೂತವರಲ್ಲಿ ನಮ್ಮ ರಾಯರೂ ಒಬ್ಬರು. ಕಾನ್ವೇ ಸ್ನೈಡರ್, ಮಾರ್ಸಿಯಾ ನ್ಯೂಗೆಬವರ್ ಜೊತೆ ಸೇರಿ 1963ರಲ್ಲಿ ಅವರು ಪ್ರಕಟಿಸಿದ ಲೇಖನ ಇವತ್ತಿಗೂ ಈ ವಿದ್ಯೆಯ ಅಡಿಗಲ್ಲುಗಳಲ್ಲಿ ಒಂದು. ಒಂದು ಕಡೆ ನೌಕೆ ಕಳಿಸಿದ ಗಾಳಿಯ ವೇಗ, ಇನ್ನೊಂದು ಕಡೆ ಭೂಮಿಯ ಮೇಲೆ ದಿಕ್ಸೂಚಿಯ ಮುಳ್ಳು ಎಷ್ಟು ಅಲುಗಾಡಿತು ಎನ್ನುವ ದಿನದಿನದ ಲೆಕ್ಕ. ಎರಡನ್ನೂ ಅಕ್ಕಪಕ್ಕ ಇಟ್ಟರೆ ತಾಳೆಯಾಯಿತು. ಗಾಳಿ ಜೋರಾದ ದಿನ ಭೂಮಿಯ ಕಾಂತಕ್ಷೇತ್ರ ಹೆಚ್ಚು ನಡುಗುತ್ತಿತ್ತು.

ಈ ಗಾಳಿ ಬರಿಗೈಲಿ ಬರುವುದಿಲ್ಲ, ಸೂರ್ಯನ ಕಾಂತಕ್ಷೇತ್ರವನ್ನೂ ಎಳೆದು ತರುತ್ತದೆ. ಅಜ್ಜಂಪುರದ ಈರುಳ್ಳಿ ಹೊಲದಲ್ಲಿ ಸ್ಪ್ರಿಂಕ್ಲರ್ ತಿರುಗುವುದನ್ನು ಸ್ವಲ್ಪ ಹೊತ್ತು ನಿಂತು ನೋಡಿ. ಪ್ರತಿ ಹನಿ ನೆಟ್ಟಗೆ ಹೊರಕ್ಕೆ ಚಿಮ್ಮುತ್ತದೆ. ಮೂತಿ ತಿರುಗುತ್ತಿರುವುದರಿಂದ ನೀರಿನ ಗೆರೆ ಮಾತ್ರ ಬಾಗಿ ಸುರುಳಿಯಾಗುತ್ತದೆ. ಸೂರ್ಯನೂ ನಮಗೆ ಕಾಣುವಂತೆ 27 ದಿನಕ್ಕೊಮ್ಮೆ ಒಂದು ಸುತ್ತು ತಿರುಗುತ್ತಾನೆ, ಅವನ ಕಾಂತರೇಖೆಗಳೂ ಹಾಗೆಯೇ ಬಾಗುತ್ತವೆ. ರಾಯರು ಎಂಐಟಿಯಿಂದ ಡಲ್ಲಾಸಿಗೆ ಹೋಗಿ ಕೆನ್ ಮೆಕ್‌ಕ್ರಾಕೆನ್ ಜೊತೆ ಪಯೊನೀರ್ ನೌಕೆಗಳಿಗೆ ಉಪಕರಣ ಮಾಡಿಕೊಟ್ಟರು. ಕಣಗಳು ಯಾವ ದಿಕ್ಕಿನಿಂದ ಬರುತ್ತಿವೆ ಎಂದು ಹೇಳುವ ಉಪಕರಣ ಅದು. ಸೂರ್ಯ ಸಿಡಿದಾಗ ಹೊರಟ ಚುರುಕಿನ ಕಣಗಳು ಸೂರ್ಯನ ಕಡೆಯಿಂದ ನೇರವಾಗಿ ಬರುತ್ತಿರಲಿಲ್ಲ. ಬಾಗಿದ ಆ ಕಾಂತರೇಖೆಯ ಗುಂಟ, ಪಕ್ಕದಿಂದ ಬರುತ್ತಿದ್ದವು.

1966ರಲ್ಲಿ ರಾಯರು ಭಾರತಕ್ಕೆ ವಾಪಸಾದರು. ಮುಂದಿನದು ಎಲ್ಲರೂ ಹೇಳುವ ಕಥೆ: ಪೀಣ್ಯದ ಶೆಡ್ಡುಗಳಲ್ಲಿ ಆರ್ಯಭಟ, ಆಮೇಲೆ 1984ರಿಂದ ಹತ್ತು ವರ್ಷ ಇಸ್ರೊ ಅಧ್ಯಕ್ಷಗಿರಿ. ಆರ್ಯಭಟದೊಳಗೂ ಸೂರ್ಯನಿಂದ ಬರುವ ನ್ಯೂಟ್ರಾನುಗಳನ್ನು ಹುಡುಕುವ ಉಪಕರಣ ಇತ್ತು. ವಿದ್ಯುತ್ ಕೈಕೊಟ್ಟಿದ್ದರಿಂದ ಪ್ರಯೋಗ ಕೆಲವೇ ದಿನ ನಡೆಯಿತು.

ಸೂರ್ಯ ಮಾತ್ರ ಅವರನ್ನು ಬಿಡಲಿಲ್ಲ. 2008ರ ಹೊತ್ತಿಗೆ ಇಸ್ರೊ ಸೂರ್ಯನನ್ನು ನೋಡಲು ಚಿಕ್ಕದೊಂದು ಉಪಗ್ರಹದ ಯೋಚನೆ ಮಾಡಿತು. ಭೂಮಿಯಿಂದ 800 ಕಿಲೋಮೀಟರ್ ಮೇಲೆ, ಒಂದೇ ಉಪಕರಣ. ಬಾಹ್ಯಾಕಾಶ ವಿಜ್ಞಾನದ ಸಲಹಾ ಸಮಿತಿಗೆ ಅಧ್ಯಕ್ಷರಾಗಿದ್ದ ರಾಯರು ಅಲ್ಲಿ ಬೇಡ, ಎಲ್1ಗೇ ಕಳಿಸೋಣ ಎಂಬ ಸಲಹೆ ಕೊಟ್ಟರು. ಎಲ್1 ಎಂದರೆ ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿಲೋಮೀಟರ್ ದೂರದ ಒಂದು ಜಾಗ. ಅಲ್ಲಿ ಇಬ್ಬರ ಸೆಳೆತವೂ ಹೊಂದಿಕೊಂಡು, ನೌಕೆ ಭೂಮಿಯ ಜೊತೆಜೊತೆಗೇ ಸೂರ್ಯನನ್ನು ಸುತ್ತುತ್ತದೆ. ನೆರಳು ಬೀಳುವುದಿಲ್ಲ, ಸೂರ್ಯ ಮುಳುಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, 800 ಕಿಲೋಮೀಟರ್ ಎಂದರೆ ಇನ್ನೂ ಭೂಮಿಯ ಕಾಂತಕ್ಷೇತ್ರದ ಬೇಲಿಯೊಳಗೇ ಇದ್ದಂತೆ, ಸೂರ್ಯನ ಗಾಳಿ ಅಲ್ಲಿಗೆ ನುಗ್ಗುವುದಿಲ್ಲ. ಗಾಳಿ ಅಳೆಯಬೇಕಾದರೆ ಬೇಲಿ ದಾಟಬೇಕು. ಮ್ಯಾರಿನರ್, ಪಯೊನೀರ್ ಕಾಲದಿಂದ ಅದೇ ಗಾಳಿಯ ಲೆಕ್ಕ ನೋಡಿದ್ದವರ ಬಾಯಲ್ಲಿ ಈ ಸಲಹೆ ಬಂದದ್ದರಲ್ಲಿ ಆಶ್ಚರ್ಯವೇನಿಲ್ಲ.

2017ರ ಜುಲೈ 24ರಂದು ರಾಯರು ತೀರಿಕೊಂಡರು. ಅವರ ಸಲಹೆಯಂತೆ ಎಲ್1ಗೆ ಹೊರಟ ನೌಕೆ ಆದಿತ್ಯ-ಎಲ್1 ಹಾರಿದ್ದು 2023ರ ಸೆಪ್ಟೆಂಬರ್ 2ರಂದು, ಜಾಗ ಸೇರಿದ್ದು 2024ರ ಜನವರಿ 6ರಂದು. ನಮ್ಮ ಮನೆಗಳಲ್ಲಿ ಎಳ್ಳು ಬೆಲ್ಲಕ್ಕೆ ಕೊಬ್ಬರಿ ಹೆಚ್ಚುವ ವಾರ.

ಅದರಲ್ಲಿ ಏಳು ಉಪಕರಣಗಳಿವೆ. ದೊಡ್ಡದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಮಾಡಿದ ದೂರದರ್ಶಕ. ಸೂರ್ಯನ ಬಿಂಬವನ್ನು ಒಳಗೇ ಮರೆಮಾಡಿ, ಸುತ್ತಲಿನ ಪ್ರಭಾವಳಿಯನ್ನಷ್ಟೇ ನೋಡುತ್ತದೆ. ಖಗ್ರಾಸ ಗ್ರಹಣಕ್ಕೆ ಕಾಯುವ ಕೆಲಸವಿಲ್ಲ. ನನಗೆ ಹೆಚ್ಚು ಇಷ್ಟ ಮಾತ್ರ ಸಣ್ಣದೊಂದು, ಕಾಂತಮಾಪಕ. ಆರು ಮೀಟರ್ ಉದ್ದದ ತೋಳು. ಮಡಚಿಕೊಂಡೇ ಹೋದದ್ದು ಜನವರಿ 11ರಂದು ಬಿಚ್ಚಿಕೊಂಡಿತು. ನಡುವೆ ಮೂರು ಮೀಟರಿಗೆ ಒಂದು ಸಂವೇದಕ, ತುದಿಯಲ್ಲಿ ಇನ್ನೊಂದು. ದಿಕ್ಸೂಚಿ ತಿರುಗಿಸುವ ಕಾಂತಕ್ಷೇತ್ರ ಕಡೂರಿನಲ್ಲಿ ಸುಮಾರು 40 ಸಾವಿರ ನ್ಯಾನೋಟೆಸ್ಲಾ ಇದ್ದರೆ, ಅಲ್ಲಿ ಅಳೆಯಬೇಕಾದದ್ದು ಮಾಮೂಲಿ ದಿನ ಬರೀ ಐದಾರು. ನೌಕೆಯೊಳಗೆ ಹರಿಯುವ ಕರೆಂಟಿನ ಕಾಂತತೆಯೇ ಅದನ್ನು ಮುಚ್ಚಿಹಾಕಬಹುದು. ಅದಕ್ಕೇ ತೋಳು ಚಾಚಿ ದೂರ ಹಿಡಿಯುವುದು. ಎರಡು ಸಂವೇದಕಗಳ ಅಳತೆ ಹೋಲಿಸಿದರೆ ನೌಕೆಯದ್ದೆಷ್ಟು, ಸೂರ್ಯನದ್ದೆಷ್ಟು ಎಂದು ಬೇರ್ಪಡಿಸಬಹುದು. ಇದನ್ನು ಮಾಡಿದ ಇಸ್ರೊ ಪ್ರಯೋಗಾಲಯ ಇರುವುದು ಪೀಣ್ಯದಲ್ಲಿ, ಆರ್ಯಭಟ ಕಟ್ಟಿದ ಅದೇ ಜಾಗದಲ್ಲಿ!

2024ರ ಮೇ 10ರ ರಾತ್ರಿ ನಿಮ್ಮಲ್ಲಿ ಕೆಲವರು ಹಿತ್ತಲಿಗೆ ಬಂದು ಗುಲಾಬಿ, ಹಸಿರು ಆಕಾಶದ ಫೋಟೊ ತೆಗೆದಿರಲ್ಲ, ಅದು ಇದೇ ಗಾಳಿಯ ಕೆಲಸ. ಸೂರ್ಯನ ದೊಡ್ಡದೊಂದು ಕಲೆಗಳ ಗುಂಪು ಮೇಲಿಂದ ಮೇಲೆ ಸಿಡಿದು, ಆ ಕಣಗಳು ಕಾಂತಕ್ಷೇತ್ರವನ್ನು ಹೊತ್ತು ಭೂಮಿಗೆ ಬಡಿದಿದ್ದವು. ಆದಿತ್ಯನ ಉಪಕರಣಗಳು ಅದನ್ನು ದಾಖಲಿಸಿದವು. ಲಡಾಖಿನ ಹಾನ್ಲೆಯಲ್ಲಿ ಕ್ಯಾಮೆರಾಕ್ಕೆ ಕೆಂಪು ಬೆಳಕು ಸಿಕ್ಕಿತು, ಕಡೂರಿನ ಆಕಾಶ ಎಂದಿನಂತೆ ಕಪ್ಪಗೇ ಇತ್ತು. ನೋಡಲು ಚೆಂದ ನಿಜ, ಆದರೆ 1989ರ ಮಾರ್ಚ್‌ನಲ್ಲಿ ಇಂಥದೇ ಬಿರುಗಾಳಿ ಕೆನಡಾದ ಕ್ವೆಬೆಕ್‌ನಲ್ಲಿ 60 ಲಕ್ಷ ಜನರ ಕರೆಂಟನ್ನು ಒಂಬತ್ತು ತಾಸು ಕಿತ್ತುಕೊಂಡಿತ್ತು. ಎಲ್1ರಲ್ಲಿ ಕಾವಲಿದ್ದರೆ ಗಾಳಿ ನಮ್ಮನ್ನು ಮುಟ್ಟುವುದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ ಸುದ್ದಿ ಸಿಗುತ್ತದೆ.

2027ರ ಆಗಸ್ಟ್ 2ರಂದು ಸೂರ್ಯಗ್ರಹಣವಿದೆ. ಸ್ಪೇನ್, ಈಜಿಪ್ಟ್ ಕಡೆ ಖಗ್ರಾಸ, ನಮ್ಮೂರಲ್ಲಿ ಸಂಜೆ ಮುಂದೆ ಪಾರ್ಶ್ವಗ್ರಹಣ. ಬೇಸಿಗೆ ರಜೆಯಲ್ಲಿ ಅಜ್ಜಿಮನೆಯಲ್ಲಿದ್ದರೆ ತಾರಸಿ ಹತ್ತಿ. ಗ್ರಹಣದ ಕನ್ನಡಕ ಇಲ್ಲಿಂದಲೇ ಒಯ್ಯಿರಿ, ಅಜ್ಜ ಅಜ್ಜಿಗೂ ಸೇರಿಸಿ. ಗ್ರಹಣ ಬಿಡುವ ತನಕ ಹೊರಗೆ ಬರಬೇಡಿ ಅಂತ ಅಜ್ಜಿ ಗದರಿದರೆ ಕನ್ನಡಕವನ್ನು ಮೊದಲು ಅವರಿಗೇ ಹಾಕಿ.