ಅಮೀನ್-ಉಲ್-ಮುಲ್ಕ್ ಸರ್ ಮಿರ್ಜಾ ಇಸ್ಮಾಯಿಲ್



ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಹೆಸರನ್ನು ತಾವು ಕೇಳಿಯೇ ಇರುತ್ತೀರಿ. ಮೈಸೂರು ಸಂಸ್ಥಾನದ ಕಾಲದಲ್ಲಿ ಆ ಹೆಸರನ್ನು ಪೂರ್ತಿಯಾಗಿ ಬರೆಯುವುದೆಂದರೆ ಒಂದು ಸಾಲು ಬೇಕಾಗುತ್ತಿತ್ತು. ಮೊದಲು ಅಮೀನ್-ಉಲ್-ಮುಲ್ಕ್, ಆಮೇಲೆ ಸರ್, ಹೆಸರು ಮುಗಿದ ಮೇಲೆ ಕೆ.ಸಿ.ಐ.ಇ., ಓ.ಬಿ.ಇ. ಎಂಬ ಅಕ್ಷರಗಳು. ಇಂದಿನ ಮಕ್ಕಳಿಗೆ ಇವು ಡಿಗ್ರಿಗಳಂತೆ ಕಾಣುತ್ತವೆ. ಇವು ಡಿಗ್ರಿಗಳಲ್ಲ, ಖಿತಾಬುಗಳು. ಒಂದೊಂದಕ್ಕೂ ಒಂದು ದರ್ಜೆ, ಒಂದು ಪದಕ, ಒಂದು ಬಣ್ಣದ ಪಟ್ಟಿ ಇತ್ತು.

ಮಿರ್ಜಾ ಅವರು ಹುಟ್ಟಿದ್ದು 1883ರಲ್ಲಿ, ನಮ್ಮ ಬೆಂಗಳೂರಿನಲ್ಲಿ. ಅವರ ತಾತ ಅಲಿ ಅಸ್ಕರ್ ಇರಾನಿನ ಶಿರಾಜ್‌ನಿಂದ 1824ರಲ್ಲಿ ಕುದುರೆ ವ್ಯಾಪಾರಕ್ಕಾಗಿ ಇಲ್ಲಿಗೆ ಬಂದವರು. ಅಲಿ ಅಸ್ಕರ್ ರಸ್ತೆ ಅವರದೇ ಹೆಸರಿನದು. ಮಿರ್ಜಾ ಅವರ ತಂದೆ ಆಗಾ ಜಾನ್ ಮಹಾರಾಜರ ಸೇವೆಯಲ್ಲಿದ್ದರು. ಬಾಲಕ ಮಿರ್ಜಾ ಮೈಸೂರಿನಲ್ಲಿ ಯುವ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿಯಾದರು. 1905ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪಾಸಾದರು. ಅದೇ ವರ್ಷ ಪೊಲೀಸ್ ಇಲಾಖೆಯಲ್ಲಿ ಅಸಿಸ್ಟೆಂಟ್ ಸೂಪರಿಂಟೆಂಡೆಂಟ್ ಆಗಿ ಸೇವೆ ಆರಂಭಿಸಿದರು. ಅಲ್ಲಿಂದ ಮಹಾರಾಜರ ಕಚೇರಿಗೆ ಬಂದು, ಹುಜೂರ್ ಸೆಕ್ರೆಟರಿಯಾಗಿ, ಪ್ರೈವೇಟ್ ಸೆಕ್ರೆಟರಿಯಾಗಿ, 1926ರ ಮೇ ತಿಂಗಳಲ್ಲಿ ದಿವಾನರಾದರು. 1941ರವರೆಗೆ ಹದಿನೈದು ವರ್ಷ ಆ ಹುದ್ದೆಯಲ್ಲಿದ್ದರು.

ಈಗ ಬ್ರಿಟಿಷರು ಕೊಟ್ಟ ಖಿತಾಬುಗಳನ್ನು ನೋಡೋಣ. 1922ರಲ್ಲಿ ಬಂದದ್ದು ಓ.ಬಿ.ಇ., ಐದು ದರ್ಜೆಗಳಲ್ಲಿ ನಾಲ್ಕನೆಯದು. 1924ರಲ್ಲಿ ಸಿ.ಐ.ಇ., ಅಂದರೆ ಭಾರತ ಸಾಮ್ರಾಜ್ಯದ ಪದವಿಯ ಮೂರನೇ ದರ್ಜೆ. 1930ರಲ್ಲಿ ನೈಟ್ ಆದರು, ಅಂದಿನಿಂದ ಸರ್. 1936ರಲ್ಲಿ ಕೆ.ಸಿ.ಐ.ಇ., ಅದೇ ಭಾರತ ಸಾಮ್ರಾಜ್ಯದ ಪದವಿಯ ಎರಡನೇ ದರ್ಜೆ. ಅದರ ಮೇಲಿನ ಜಿ.ಸಿ.ಐ.ಇ. ಹೆಚ್ಚಾಗಿ ವೈಸರಾಯ್, ಗವರ್ನರ್, ರಾಜ ಮಹಾರಾಜರಿಗೆ ಸಲ್ಲುತ್ತಿತ್ತು. ಕೆ.ಸಿ.ಐ.ಇ. ಪಡೆದವರು ಕಡುನೀಲಿ ಪಟ್ಟಿಯಲ್ಲಿ ಪದಕವನ್ನು ಕೊರಳಿಗೆ ಹಾಕಿಕೊಂಡು, ಎಡ ಎದೆಯ ಮೇಲೆ ನಕ್ಷತ್ರವೊಂದನ್ನು ಧರಿಸಬೇಕಿತ್ತು. ಪದಕವೆಂದರೆ ಕಿರೀಟ ಹೊತ್ತ ಕೆಂಪು ಗುಲಾಬಿ, ನಡುವೆ ವಿಕ್ಟೋರಿಯಾ ರಾಣಿಯ ಮುಖ.

ಇಲ್ಲಿ ಒಂದು ಸ್ವಾರಸ್ಯವಿದೆ. ಇಂಗ್ಲೆಂಡಿನ ಪದವಿಗಳಲ್ಲಿ ಅತ್ಯುನ್ನತ ದರ್ಜೆಗೆ ನೈಟ್ ಗ್ರಾಂಡ್ ಕ್ರಾಸ್ ಎನ್ನುತ್ತಾರೆ. ಭಾರತದ ಪದವಿಗಳನ್ನು ಹಿಂದೂ, ಮುಸ್ಲಿಂ ಅರಸರೂ ಧರಿಸಬೇಕಾಗಿದ್ದರಿಂದ ಶಿಲುಬೆಯ ಮಾತನ್ನು ಬಿಟ್ಟು ಗ್ರಾಂಡ್ ಕಮಾಂಡರ್ ಎಂದು ಹೆಸರಿಟ್ಟರು. ಬ್ರಿಟಿಷರು ಇಂಥ ವಿಷಯಗಳಲ್ಲಿ ಬಲು ಜಾಣರು!

ಆದರೆ ಓದುಗರೇ, ನನ್ನ ಮನಸ್ಸಿಗೆ ಹತ್ತಿರವಾದದ್ದು ಮಹಾರಾಜರು ಕೊಟ್ಟ ಖಿತಾಬು. ಮೈಸೂರು ದರ್ಬಾರಿನಲ್ಲಿ ಹಿಂದೂ ಗಣ್ಯರಿಗೆ ರಾಜಸೇವಾಸಕ್ತ, ರಾಜಸಭಾಭೂಷಣ ಮುಂತಾದ ಸಂಸ್ಕೃತದ ಬಿರುದುಗಳು. ಮುಸ್ಲಿಮರಿಗೆ ಕೊಡುವಾಗ ಅದೇ ಅರಮನೆ ಅರಬ್ಬಿ, ಫಾರ್ಸಿಯಲ್ಲಿ ಬಿರುದು ಕೊಡುತ್ತಿತ್ತು. ಅಮೀನ್-ಉಲ್-ಮುಲ್ಕ್ ಎಂದರೆ ನಾಡಿನ ನಂಬಿಕಸ್ಥ. ನಮ್ಮ ಪ್ರವಾದಿ (ಸ) ಅವರನ್ನು ಮಕ್ಕಾದ ಜನ, ಪ್ರವಾದಿತ್ವಕ್ಕೆ ಮೊದಲೇ, ಅಲ್ ಅಮೀನ್ ಎಂದು ಕರೆಯುತ್ತಿದ್ದರೆಂಬುದು ತಮಗೆ ಗೊತ್ತಿದೆ. ಅಮಾನತ್ ಎಂಬುದೂ ಅದೇ ಮೂಲದ ಮಾತು: ಇನ್ನೊಬ್ಬರು ನಂಬಿ ಇಟ್ಟುಹೋದ ವಸ್ತು. ಕನ್ನಡಕ್ಕೆ ಬರುವಷ್ಟರಲ್ಲಿ ಈ ಪದಗಳ ಗತಿ ನೋಡಿ. ಅಮೀನ ಎಂದರೆ ಕೋರ್ಟ್ ನೋಟಿಸ್ ತರುವವನು, ಅಮಾನತು ಎಂದರೆ ನೌಕರನನ್ನು ಸಸ್ಪೆಂಡ್ ಮಾಡುವುದು! ತರಗತಿಯಲ್ಲಿ ಇದನ್ನು ಹೇಳಿದಾಗ ಮಕ್ಕಳು ನಗುತ್ತಾರೆ.

ದಿವಾನರಾಗಿ ಅವರು ಮಾಡಿದ ಕೆಲಸ ಕಣ್ಣಿಗೆ ಕಾಣುವಂಥದು. ಕನ್ನಂಬಾಡಿಯ ಬೃಂದಾವನ ಉದ್ಯಾನ, 1933ರ ಮಂಡ್ಯದ ಸಕ್ಕರೆ ಕಾರ್ಖಾನೆ, ಭದ್ರಾವತಿಯ ಕಾಗದದ ಕಾರ್ಖಾನೆ, 1935ರ ಬೆಂಗಳೂರು ಪುರಭವನ, 1940ರಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆ. ನಮ್ಮ ಪಶ್ಚಿಮದ ಬಡಾವಣೆಗಳವರಿಗೆ ಇನ್ನೂ ಹತ್ತಿರದ್ದು ಹೇಳುತ್ತೇನೆ. ವಿಜಯನಗರ, ಬಸವೇಶ್ವರನಗರದ ಪಕ್ಕದ ಮಾಗಡಿ ರಸ್ತೆಯನ್ನೇ ಹಿಡಿದು ಹೋದರೆ ಆ ಕಡೆ ತಿಪ್ಪಗೊಂಡನಹಳ್ಳಿಯ ಜಲಾಶಯವಿದೆ. ಅರ್ಕಾವತಿಗೆ ಕಟ್ಟಿದ ಆ ಅಣೆಕಟ್ಟು 1933ರಲ್ಲಿ ಅವರ ಆಡಳಿತದಲ್ಲೇ ಮುಗಿಯಿತು. ಕಾವೇರಿ ನೀರು ಬರುವ ಮೊದಲು ಬೆಂಗಳೂರಿನ ಬಾಯಾರಿಕೆ ತಣಿಸಿದ್ದು ಅದು. ದಿವಾನರು ಕುದುರೆಯೇರಿ ಬೀದಿ ಬೀದಿ ಸುತ್ತಿ ಕಸ, ಚರಂಡಿ ನೋಡುತ್ತಿದ್ದುದೂ ಪ್ರಸಿದ್ಧ.

ಆದರೂ ನಂಬಿಕೆಯ ಪರೀಕ್ಷೆ ತಪ್ಪಲಿಲ್ಲ. 1928ರಲ್ಲಿ ಬೆಂಗಳೂರಿನ ಸುಲ್ತಾನಪೇಟೆಯ ಶಾಲೆಯೊಂದರ ಗಣೇಶ ವಿಗ್ರಹದ ವಿಷಯದಲ್ಲಿ ಗಲಭೆಯಾಯಿತು. ದಿವಾನರು ಮುಸ್ಲಿಂ ಎಂಬ ಒಂದೇ ಕಾರಣಕ್ಕೆ ಪಕ್ಷಪಾತದ ಆರೋಪ ಅವರ ತಲೆಗೆ ಬಂತು. ಸರ್ಕಾರ ವಿಚಾರಣಾ ಸಮಿತಿ ನೇಮಿಸಿತು. ಅಧ್ಯಕ್ಷರು ಸರ್ ಎಂ. ವಿಶ್ವೇಶ್ವರಯ್ಯನವರು. ಹತ್ತು ವರ್ಷಗಳ ನಂತರದ ವಿಷಯವನ್ನೂ ಮುಚ್ಚಿಡಬಾರದು. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಕಾಂಗ್ರೆಸ್ ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಹಲವರು ಪ್ರಾಣ ಕಳೆದುಕೊಂಡರು. ಆಡಳಿತದ ಹೊಣೆ ದಿವಾನರದೇ. ನಾಡಿನ ನಂಬಿಕಸ್ಥನೆಂಬ ಬಿರುದಿಗೆ ಅದು ಕಪ್ಪು ಚುಕ್ಕೆ ಎಂದೇ ನನ್ನ ಅಭಿಪ್ರಾಯ. ಆಮೇಲೆ ಸರ್ದಾರ್ ಪಟೇಲರೊಡನೆ ಒಪ್ಪಂದವಾಗಿ, ಮೈಸೂರಿನ ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟಕ್ಕೂ ಅನುಮತಿ ದೊರೆಯಿತು.

1940ರಲ್ಲಿ ನಾಲ್ವಡಿಯವರು ತೀರಿಕೊಂಡರು. ಮರುವರ್ಷ ಮಿರ್ಜಾ ರಾಜೀನಾಮೆ ಕೊಟ್ಟರು. 1942ರಿಂದ 1946ರವರೆಗೆ ಜಯಪುರದ ಪ್ರಧಾನಮಂತ್ರಿಯಾಗಿ ಆ ಊರಿನ ರೂಪ ಬದಲಿಸಿದರು. 1946ರಲ್ಲಿ ಹೈದರಾಬಾದಿನ ಪ್ರಧಾನಮಂತ್ರಿಯಾದರು. ಅಲ್ಲಿ ನಡೆದದ್ದು ವಿಚಿತ್ರ. ಬೆಂಗಳೂರಿನಲ್ಲಿ ಮುಸ್ಲಿಮನೆಂದು ಶಂಕೆಗೆ ಗುರಿಯಾಗಿದ್ದ ಇವರನ್ನು ಹೈದರಾಬಾದಿನಲ್ಲಿ ಇತ್ತೆಹಾದ್-ಉಲ್-ಮುಸ್ಲಿಮೀನ್ ಪಕ್ಷದವರು ಮುಸ್ಲಿಮರ ಹಿತ ಕಾಯುವವರಲ್ಲವೆಂದು ವಿರೋಧಿಸಿದರು. ಭಾರತದೊಡನೆ ಸ್ನೇಹದಿಂದಿರಬೇಕು ಎಂಬುದು ಮಿರ್ಜಾರ ನಿಲುವು. ಅದು ನಡೆಯದೆಂದು ಕಂಡಾಗ 1947ರಲ್ಲಿ ಹುದ್ದೆ ಬಿಟ್ಟು ಹೊರಟರು. ದೇಶ ವಿಭಜನೆಯನ್ನು ಅವರು ಒಪ್ಪಿರಲಿಲ್ಲ. ವಿಭಜನೆಯಾದ ಮೇಲೂ ಅವರ ಊರು ಬೆಂಗಳೂರೇ ಆಗಿತ್ತು.

ಸ್ವಾತಂತ್ರ್ಯದೊಂದಿಗೆ ಹಳೆಯ ಖಿತಾಬುಗಳ ಕಾಲ ಮುಗಿಯಿತು. ಸಂವಿಧಾನದ 18ನೇ ವಿಧಿ ಬಿರುದುಗಳನ್ನೇ ರದ್ದು ಮಾಡಿತು. 1954ರಲ್ಲಿ ಭಾರತ ರತ್ನವೂ ಪದ್ಮ ಪ್ರಶಸ್ತಿಯೂ ಆರಂಭವಾದವು. 1955ರಿಂದ ಎರಡನೆಯದರ ಮೂರು ದರ್ಜೆಗಳಿಗೆ ಪದ್ಮವಿಭೂಷಣ, ಪದ್ಮಭೂಷಣ, ಪದ್ಮಶ್ರೀ ಎಂದು ಹೆಸರಾಯಿತು. ಇವು ಬಿರುದುಗಳಲ್ಲ. ಹೆಸರಿನ ಹಿಂದೆ ಮುಂದೆ ಸೇರಿಸಿಕೊಳ್ಳುವಂತಿಲ್ಲ ಎಂದು 1995ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ನಮ್ಮ ಸಮಾರಂಭಗಳ ಆಹ್ವಾನ ಪತ್ರಿಕೆ ಅಚ್ಚು ಹಾಕಿಸುವವರು ಇದನ್ನು ಗಮನಿಸಬೇಕು. ಬ್ರಿಟಿಷರ ಪದಕ ತೊಟ್ಟವರೆಲ್ಲ ದೇಶಕ್ಕೆ ಹೊರಗಿನವರು ಎನ್ನುವವರಿಗೂ ಒಂದು ಮಾತು: 1915ರಲ್ಲಿ ಇದೇ ಕೆ.ಸಿ.ಐ.ಇ. ಪಡೆದಿದ್ದ ವಿಶ್ವೇಶ್ವರಯ್ಯನವರಿಗೆ 1955ರಲ್ಲಿ ಭಾರತ ರತ್ನ ಸಂದಿತು. ಹೊಸ ಪ್ರಶಸ್ತಿಗಳ ಪಟ್ಟಿಯಲ್ಲಿ ಮಿರ್ಜಾ ಅವರ ಹೆಸರು ಬರಲಿಲ್ಲ. 1954ರಲ್ಲಿ ಅವರು ತಮ್ಮ ಸಾರ್ವಜನಿಕ ಜೀವನದ ಕಥೆಯನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. 1959ರ ಜನವರಿ 5ರಂದು ಬೆಂಗಳೂರಿನಲ್ಲೇ ನಿಧನರಾದರು.

ತಾವು ಎಂದಾದರೂ ಜಯಪುರಕ್ಕೆ ಹೋದರೆ ಅಲ್ಲಿನ ಮುಖ್ಯ ರಸ್ತೆಗೆ ಎಂ.ಐ. ರೋಡ್ ಎನ್ನುವುದನ್ನು ಕೇಳುತ್ತೀರಿ. ಆ ಎರಡು ಅಕ್ಷರ ಮಿರ್ಜಾ ಇಸ್ಮಾಯಿಲ್ ಅವರದು.