ಕಿಟ್ಟೆಲ್ ಪಾದ್ರಿಗಳ ತಾಳ್ಮೆ

ಕಿಟ್ಟೆಲ್ ನಿಘಂಟನ್ನು ಬಳಸುವ ನಾವು ಅದರ ಹಿಂದಿನ ದುಃಖವನ್ನು ನೆನೆಯುವುದು ಅಪರೂಪ. ಜರ್ಮನಿಯಲ್ಲಿ 1832ರಲ್ಲಿ ಜನಿಸಿದ ಫರ್ಡಿನಾಂಡ್ ಕಿಟ್ಟೆಲ್ ಅವರು 1853ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ನಮ್ಮ ನಾಡಿಗೆ ಬಂದರು. 1862ರಲ್ಲಿ ‘ಕಥಾಮಾಲೆ’ಯೆಂಬ ಕೃತಿಯಲ್ಲಿ ಏಸುವಿನ ಚರಿತೆಯನ್ನು ಕನ್ನಡ ಪದ್ಯದಲ್ಲಿ ಹೇಳಿದರು. ಶಿಲುಬೆಯ ಯಾತನೆಯಾಚೆ ಪುನರುತ್ಥಾನದ ಹರ್ಷವುಂಟೆಂಬುದು ಆ ಮತದ ತಿರುಳು. ಪರರಿಗೆ ಅದನ್ನು ಬೋಧಿಸುವುದು ಸುಲಭ. 1864ರಲ್ಲಿ ಪತ್ನಿ ಪೌಲೀನಾ ತೀರಿಕೊಂಡಾಗ ಅದು ಅವರ ಮನೆಯೊಳಗಿನ ಪ್ರಶ್ನೆಯೇ ಆಯಿತು. ಕನ್ನಡ ಕಾವ್ಯದಲ್ಲಿ ಮುಳುಗಿದ್ದ ಅವರು ತಮ್ಮ ಪಾದ್ರಿಬಳಗದಲ್ಲೂ ಹೊರಗಿನವರಂತಿದ್ದರು. ಆದರೂ ನಂಬಿಕೆಯನ್ನು ಬಿಡಲಿಲ್ಲ, ಕನ್ನಡವನ್ನೂ ಬಿಡಲಿಲ್ಲ. 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿ ಪ್ರಕಟಿಸಿದರು. ಮತ ಹೇಳಿದ ಹರ್ಷ ಅವರಿಗೆ ದುಡಿಮೆಯ ರೂಪದಲ್ಲಿ ದೊರೆಯಿತೆಂದೇ ನನಗೆ ತೋರುತ್ತದೆ.

ನಿಘಂಟಿನ ಕೆಲಸವಾದರೋ, ನಮ್ಮ ಶಿವಗಂಗೆಯ ಬೆಟ್ಟವನ್ನು ಹತ್ತಿದವರು ಬಲ್ಲಂಥ ಏರು. ಅರ್ಧದಲ್ಲಿ ಇಳಿದುಬಿಡೋಣವೆಂದು ಯಾರಿಗಾದರೂ ಅನ್ನಿಸೀತು. ಜರ್ಮನಿಗೆ ಮರಳಿದ್ದ ಕಿಟ್ಟೆಲ್ ಅವರು ಐವತ್ತು ದಾಟಿದ ಮೇಲೆ, 1883ರಲ್ಲಿ, ಅದಕ್ಕಾಗಿ ಮತ್ತೆ ಬಂದರು. 1894ರಲ್ಲಿ ಸುಮಾರು 70,000 ಪದಗಳ ಆ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದಿತು. ಒಂಬತ್ತು ವರ್ಷಗಳ ತರುವಾಯ, 1903ರಲ್ಲಿ, ಅವರು ಟ್ಯೂಬಿಂಗೆನ್ ನಗರದಲ್ಲಿ ಕಣ್ಮುಚ್ಚಿದರು.