ಹೋಲಿಕೆಯ ಹಂಗಿಲ್ಲದೆ ಅರಳಿದ ಪುಟ್ಟ ಹೂವು

ಏಪ್ರಿಲ್ ಬಂತೆಂದರೆ ಪುಣೆಯ ನಮ್ಮಂಥ ಐಟಿ ಉದ್ಯೋಗಿಗಳಿಗೆ ಅಪ್ರೈಸಲ್‌ನ ತಳಮಳ. ಮೂರು ವರ್ಷಗಳ ಹಿಂದೆ, ನನ್ನ ಜೊತೆಗೇ ಕೆಲಸಕ್ಕೆ ಸೇರಿದ್ದ ಗೆಳತಿಗೆ ಬಡ್ತಿ ಸಿಕ್ಕಿತು. ಎಂ.ಟೆಕ್ ಮಾಡಿದ್ದ ನನಗೆ ಸಿಗಲಿಲ್ಲ. ಎಲ್ಲರೆದುರು ನಗುತ್ತಾ ಅಭಿನಂದಿಸಿದೆ. ಮನೆಗೆ ಬಂದು ಅವಳ ತಪ್ಪುಗಳನ್ನು ಒಂದೊಂದಾಗಿ ಎಣಿಸಿದೆ. ಭಾನುವಾರ ಚರ್ಚಿನಲ್ಲಿ ಮೊಣಕಾಲೂರಿದರೂ ತಲೆಯಲ್ಲಿ ಅದೇ ಲೆಕ್ಕ. ಆಗ ಮೈಸೂರಿನ ಅಜ್ಜಿ ಮನೆಯ ಗೋಡೆಯ ಮೇಲಿದ್ದ ಪಟ ನೆನಪಾಯಿತು. ಶಿಲುಬೆಯನ್ನೂ ಗುಲಾಬಿಗಳನ್ನೂ ಎದೆಗವಚಿಕೊಂಡ ಯುವ ಸನ್ಯಾಸಿನಿ, ಲಿಸಿಯೂ ಊರಿನ ಸಂತ ತೆರೇಸಾ. ಆಕೆಯ ಬದುಕನ್ನು ನಾನು ಸರಿಯಾಗಿ ಓದಿದ್ದು ಆಗಲೇ.

ತೆರೇಸಾ ಹುಟ್ಟಿದ್ದು 1873ರ ಜನವರಿ 2ರಂದು, ಫ್ರಾನ್ಸಿನ ಅಲೆನ್ಸಾನ್‌ನಲ್ಲಿ. ತಂದೆ ಲೂಯಿ ಮಾರ್ಟಿನ್ ಗಡಿಯಾರ ತಯಾರಿಸುತ್ತಿದ್ದರು, ತಾಯಿ ಝೆಲಿ ಲೇಸ್ ಹೆಣೆಸುವ ಉದ್ಯಮ ನಡೆಸುತ್ತಿದ್ದರು. ಒಂಬತ್ತು ಮಕ್ಕಳಲ್ಲಿ ಉಳಿದವರು ಐವರು ಹೆಣ್ಣುಮಕ್ಕಳು, ಇವಳೇ ಕೊನೆಯವಳು. ನಾಲ್ಕೂವರೆ ವರ್ಷದವಳಿದ್ದಾಗ ತಾಯಿ ಕ್ಯಾನ್ಸರಿನಿಂದ ತೀರಿಕೊಂಡರು. ಕುಟುಂಬ ಲಿಸಿಯೂಗೆ ಬಂತು. ಅಕ್ಕ ಪೌಲಿನ್ ಅವಳಿಗೆ ಎರಡನೆಯ ತಾಯಿಯಾದಳು.

ಬಾಲಕಿಗೆ ಒಂದು ಸಂಶಯ ಕಾಡುತ್ತಿತ್ತು. ಸ್ವರ್ಗದಲ್ಲಿ ದೇವರು ಎಲ್ಲರಿಗೂ ಒಂದೇ ಸಮನಾದ ಮಹಿಮೆ ಕೊಡುವುದಿಲ್ಲವಂತೆ, ಹಾಗಾದರೆ ಕಡಿಮೆ ಸಿಕ್ಕವರಿಗೆ ದುಃಖವಾಗದೇ? ಪೌಲಿನ್ ಉಪದೇಶ ಮಾಡಲಿಲ್ಲ. ಅಪ್ಪನ ದೊಡ್ಡ ಲೋಟವನ್ನೂ, ಹೊಲಿಯುವಾಗ ಬೆರಳಿಗೆ ತೊಡುವ ತೆರೇಸಾಳ ಪುಟ್ಟ ಅಂಗುಸ್ತಾನವನ್ನೂ ತರಿಸಿ, ಎರಡನ್ನೂ ಅಂಚಿನವರೆಗೆ ನೀರಿನಿಂದ ತುಂಬಿಸಿ, ಯಾವುದು ಹೆಚ್ಚು ತುಂಬಿದೆ ಎಂದು ಕೇಳಿದಳು. ಎರಡರಲ್ಲೂ ಇನ್ನೊಂದು ಹನಿಗೆ ಜಾಗವಿರಲಿಲ್ಲ. ಮಗುವಿಗೆ ಅರ್ಥವಾಯಿತು.

ಅರ್ಥವಾಗುವುದು ಬೇರೆ, ಬಾಳುವುದು ಬೇರೆ. ಒಮ್ಮೆ ತಂದೆ ಸೆಲಿನ್‌ಗೆ ಚಿತ್ರಕಲೆ ಕಲಿಸುವ ಏರ್ಪಾಡು ಮಾಡುತ್ತಾ, ತೆರೇಸಾಳಿಗೂ ಬೇಕೇ ಎಂದು ವಿಚಾರಿಸಿದರು. ಅವಳಿಗೆ ಬೇಕಿತ್ತು, ಬಹಳ ಬೇಕಿತ್ತು. ಅಷ್ಟರಲ್ಲಿ ದೊಡ್ಡಕ್ಕ ಮರಿ, ಸೆಲಿನ್‌ಗಿರುವ ಪ್ರತಿಭೆ ಇವಳಿಗಿಲ್ಲ ಎಂದುಬಿಟ್ಟಳು. ತೆರೇಸಾ ಬಾಯಿ ಬಿಡಲಿಲ್ಲ, ಆ ಆಸೆಯನ್ನು ದೇವರಿಗೆ ಅರ್ಪಿಸಿದಳು. ಅಷ್ಟು ದೊಡ್ಡ ಆಸೆಯನ್ನು ನುಂಗಿಕೊಳ್ಳುವ ಶಕ್ತಿ ತನಗೆ ಎಲ್ಲಿಂದ ಬಂತೆಂದು ದೊಡ್ಡವಳಾದ ಮೇಲೂ ಆಶ್ಚರ್ಯಪಟ್ಟಳು. ಇದನ್ನು ಓದಿದಾಗ ನನಗೆ ಸಮಾಧಾನವಾಯಿತು. ಸಂತಳಿಗೂ ನೋವಾಗಿತ್ತು. ಆದರೆ ಆ ನೋವನ್ನು ಅವಳು ಸೆಲಿನ್ ಮೇಲೆ ತೀರಿಸಿಕೊಳ್ಳಲಿಲ್ಲ.

1888ರ ಏಪ್ರಿಲ್ 9ರಂದು, 15ನೇ ವಯಸ್ಸಿನಲ್ಲಿ, ತೆರೇಸಾ ಲಿಸಿಯೂನ ಕಾರ್ಮೆಲ್ ಮಠ ಸೇರಿದಳು. ಪೌಲಿನ್, ಮರಿ ಇಬ್ಬರೂ ಆಗಲೇ ಅಲ್ಲಿದ್ದರು. 1894ರಲ್ಲಿ ಸೆಲಿನ್ ಕೂಡ ಬಂದಳು. ತೆರೇಸಾಳ ಪಾಲಿಗೆ ಬಂದದ್ದು ಊಟದ ಮನೆಯ, ಬಟ್ಟೆ ಒಗೆಯುವ, ಕಸ ಗುಡಿಸುವಂಥ ಕೆಲಸಗಳು. ಆದರೂ ಅವಳ ಮನಸ್ಸು ಸಣ್ಣದಾಗಲಿಲ್ಲ. 1896ರಲ್ಲಿ, ಕ್ಷಯರೋಗ ಕಾಣಿಸಿಕೊಂಡ ನಂತರ, ತಾನು ಮಿಷನರಿಯಾಗಬೇಕು, ಬೋಧಕಳಾಗಬೇಕು, ಹುತಾತ್ಮಳಾಗಬೇಕು ಎಂಬ ಹಂಬಲಗಳು ಅವಳನ್ನು ಹಿಂಡಿದವು. ಉತ್ತರ ಸಿಕ್ಕಿದ್ದು ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ. ದೇಹ ಒಂದೇ, ಅಂಗಗಳು ಹಲವು. ಕಣ್ಣು ಕೈಯಾಗಲಾರದು. ಹಾಗಾದರೆ ಸಭೆಯೆಂಬ ದೇಹಕ್ಕೆ ಹೃದಯವೂ ಇರಲೇಬೇಕು, ಆ ಹೃದಯದಲ್ಲಿ ತಾನು ಪ್ರೀತಿಯಾಗಿರುವೆ ಎಂದು ಅವಳು ನಿಶ್ಚಯಿಸಿದಳು. ಬೇರೆಯವರ ಕೆಲಸವೂ ತನ್ನದೇ ದೇಹದ ಕೆಲಸವೆಂದಾದ ಮೇಲೆ ಅಸೂಯೆ ಯಾರ ಮೇಲೆ?

1897ರ ಸೆಪ್ಟೆಂಬರ್ 30ರಂದು, 24ನೇ ವಯಸ್ಸಿನಲ್ಲಿ, ಅವಳು ತೀರಿಕೊಂಡಳು. ಮಠದ ಹಿರಿಯರ ಅಪ್ಪಣೆಯಂತೆ ಬರೆದಿಟ್ಟಿದ್ದ ಅವಳ ಆತ್ಮಕಥನ ಮರುವರ್ಷ 2000 ಪ್ರತಿಗಳಲ್ಲಿ ಪ್ರಕಟವಾಗಿ, ಮುಂದೆ ಜಗತ್ತಿನ ಹತ್ತಾರು ಭಾಷೆಗಳಿಗೆ ಹೋಯಿತು. 1925ರಲ್ಲಿ ಸಂತ ಪದವಿ ಬಂತು. 1927ರಲ್ಲಿ, ಗೋವೆಯಲ್ಲಿ ಪವಿತ್ರ ದೇಹವಿರುವ ಫ್ರಾನ್ಸಿಸ್ ಝೇವಿಯರ್ ಜೊತೆಗೆ, ಮಠದಾಚೆ ಒಂದು ದಿನವೂ ಮಿಷನ್ ಕೆಲಸ ಮಾಡದ ಇವಳನ್ನೂ ಮಿಷನ್‌ಗಳ ಪಾಲಕಿ ಎಂದು ಘೋಷಿಸಲಾಯಿತು.

ಕೊನೆಗೆ ನನಗೆ ತಿಳಿದ ಒಂದು ಸಂಗತಿ ಹೇಳಬೇಕು. ಅಜ್ಜಿ ಮನೆಯ ಆ ಗುಲಾಬಿ ಪಟದ ಮೂಲ ಚಿತ್ರ ಬರೆದವಳು ಸೆಲಿನ್, 1912ರಲ್ಲಿ. ಮಠದೊಳಗೆ ಕ್ಯಾಮೆರಾ ಹಿಡಿದು ತೆರೇಸಾಳ ಫೋಟೋಗಳನ್ನು ತೆಗೆದವಳೂ ಅವಳೇ. ತನಗೆ ಸಿಗದೆ ಅಕ್ಕನಿಗೆ ದಕ್ಕಿದ ಆ ಚಿತ್ರಕಲೆಯಿಂದಲೇ ತೆರೇಸಾಳ ಮುಖ ಮೈಸೂರಿನ ನಮ್ಮ ಗೋಡೆಯವರೆಗೂ ಬಂತು.

ಇದು ತಿಳಿದ ದಿನ ಗೆಳತಿಗೆ ಫೋನ್ ಮಾಡಿದೆ. ಅಭಿನಂದನೆ ಹೇಳಿ ಐದು ತಿಂಗಳಾಗಿತ್ತು, ಮತ್ತೊಮ್ಮೆ ಹೇಳಿದೆ, ಈ ಸಲ ಮನಸ್ಸಿನಿಂದ. ಅಸೂಯೆ ಪೂರ್ತಿ ಹೋಗಿದೆ ಎಂದರೆ ಸುಳ್ಳಾದೀತು, ಏಪ್ರಿಲ್‌ನಲ್ಲಿ ಅದು ಈಗಲೂ ಇಣುಕುತ್ತದೆ. ಆಗೆಲ್ಲ ಪಕ್ಕದವರ ಲೋಟ ಅಳೆಯುವುದನ್ನು ಬಿಟ್ಟು, ನನ್ನ ಅಂಗುಸ್ತಾನ ತುಂಬಿದೆಯೇ ಎಂದು ನೋಡಿಕೊಳ್ಳುತ್ತೇನೆ.